ಅಪ್ಪನ ಆಂಪ್ಲಿಫೈಯರ್, ಮಗನ ಹೆಡ್‌ಫೋನ್

(ಹಾಸನದಲ್ಲಿ ಸಂಗೀತ ಕೇಳುವ ಗೆಳೆಯರ ಕೂಟವೊಂದರಲ್ಲಿ ಆಡಿದ ಮಾತಿನ ಬರಹರೂಪ. ಅಲ್ಲಿ ಮೀಟರ್ ಹಿಡಿದು ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೇಜಿನ ಮೇಲೆ ಎರಡು ಪೆಟ್ಟಿಗೆ ಕಾಣುತ್ತಿವೆಯಲ್ಲ, ಇವತ್ತಿನ ಮಾತೆಲ್ಲ ಅವುಗಳ ಸುತ್ತಲೇ. ದೊಡ್ಡದನ್ನು ಕಾರಿನಿಂದ ಇಳಿಸುವಾಗ ಇಬ್ಬರು ಕೈಹಾಕಬೇಕಾಯಿತು. ಮೂವತ್ತು ವರ್ಷಕ್ಕೂ ಹಳೆಯ ಸ್ಟೀರಿಯೊ ಆಂಪ್ಲಿಫೈಯರ್, ಚಾನೆಲ್‌ಗೆ 50 ವಾಟ್, ಒಳಗೆ ತೆಂಗಿನಕಾಯಿ ಗಾತ್ರದ ಟ್ರಾನ್ಸ್‌ಫಾರ್ಮರ್. ಪಕ್ಕದ ಚಿಕ್ಕದು ಹೆಡ್‌ಫೋನ್‌ಗೆಂದೇ ಮಾಡಿದ ಆಂಪ್ಲಿಫೈಯರ್, ಶಾಲೆಗೆ ಹೋಗುವ ಮಗುವಿನ ಊಟದ ಡಬ್ಬಿಯಷ್ಟು.

ದೊಡ್ಡದು ನನ್ನದಲ್ಲ. ಸಕಲೇಶಪುರದ ಕಡೆಯ ಒಂದು ಕಾಫಿ ತೋಟದ ಮನೆಯದು. ಆ ಮನೆಯ ಹುಡುಗ ಬೆಂಗಳೂರಿನ ಕೆಲಸವನ್ನು ತೋಟದಲ್ಲೇ ಕೂತು ಮಾಡುತ್ತಾನೆ. ಹಾಸನದಲ್ಲಿ ನಾನು ಇಪ್ಪತ್ತೆರಡು ವರ್ಷದಿಂದ ಆಂಪ್ಲಿಫೈಯರ್ ರಿಪೇರಿ ಮಾಡಿಕೊಂಡಿರುವುದು ನಿಮ್ಮಲ್ಲಿ ಅನೇಕರಿಗೆ ಗೊತ್ತು. ಹೋದ ಮಳೆಗಾಲದಲ್ಲಿ ಅವನು ಅಂಗಡಿಗೆ ಬಂದು ಚೀಲದಿಂದ ಒಂದು ಹೆಡ್‌ಫೋನ್ ತೆಗೆದಿಟ್ಟ. ಹೈಫೈಮ್ಯಾನ್ ಕಂಪನಿಯ ಎಚ್‌ಇ-6. ಯಾರೋ ಬಳಸಿ ಮಾರಿದ್ದನ್ನು ಎರಡು ವರ್ಷ ದುಡ್ಡು ಕೂಡಿಟ್ಟು ಕೊಂಡಿದ್ದ.

"ಅಣ್ಣ, ಫೋನಿಗೆ ಹಾಕಿದ್ರೆ ವಾಲ್ಯೂಮ್ ಪೂರ್ತಿ ಏರಿಸಿದ್ರೂ ಆಲಾಪನೆ ಪಿಸುಗುಟ್ಟಿದ ಹಾಗೆ ಕೇಳುತ್ತೆ. ಒಬ್ರು ಹೇಳ್ತಾರೆ ಇದಕ್ಕೆ ಸ್ಪೀಕರ್ ಆಂಪ್ಲಿಫೈಯರೇ ಬೇಕು, ಬೇರೆ ಯಾವುದ್ರಲ್ಲೂ ಜೀವ ಬರಲ್ಲ ಅಂತ. ಇನ್ನೊಬ್ರು ಹೇಳ್ತಾರೆ ಸ್ಪೀಕರ್ ಆಂಪ್‌ಗೆ ಹಾಕಿದ್ರೆ ಒಂದು ಕ್ಷಣದಲ್ಲಿ ಸುಟ್ಟು ಹೋಗುತ್ತೆ, ಲಕ್ಷ ರೂಪಾಯಿದು ಹೆಡ್‌ಫೋನ್ ಆಂಪ್ ತಗೋ ಅಂತ. ನೀವೇನು ಹೇಳ್ತೀರಾ?"

"ಮನೇಲಿ ಏನಾದ್ರೂ ಹಳೇ ಆಂಪ್ ಇದೆಯೇನಪ್ಪ?" ಅಂತ ಕೇಳಿದೆ. ಅಪ್ಪನದು ಒಂದು ಇದೆ, ಧೂಳು ತಿನ್ನುತ್ತಿದೆ ಅಂದ. ಆ ಅಪ್ಪ ಈಗ ಹಿಂದಿನ ಸಾಲಿನಲ್ಲಿ ಕೂತಿದ್ದಾರೆ. ಅವರ ಆಂಪ್ಲಿಫೈಯರ್ ಇಲ್ಲಿದೆ.

ಹುಡುಗನಿಗೆ ಸಿಕ್ಕ ಎರಡೂ ಸಲಹೆಗಳಲ್ಲಿ ಅರ್ಧರ್ಧ ನಿಜವಿದೆ. ಯಾವ ಅರ್ಧ ಎಂದು ತಿಳಿಯಲು ಏಳನೇ ಕ್ಲಾಸಿನ ಗಣಿತ ಸಾಕು. ಆದರೆ ಆ ಗಣಿತವನ್ನು ಯಾರೂ ಮಾಡುವುದಿಲ್ಲ. ಹಾಗಾಗಿ ನಮ್ಮ ಹುಡುಗರು ಸಾಲ ಮಾಡಿ ಬೇಡದ ಪೆಟ್ಟಿಗೆ ಕೊಳ್ಳುತ್ತಾರೆ, ಇಲ್ಲವೇ ಬೇಕಾದ ಹೆಡ್‌ಫೋನನ್ನು ಸುಟ್ಟುಕೊಳ್ಳುತ್ತಾರೆ. ಎರಡನ್ನೂ ನನ್ನ ಅಂಗಡಿಯಲ್ಲಿ ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ.

ಮೊದಲು ಒಂದು ಭಯ ತೆಗೆದುಹಾಕೋಣ. 50 ವಾಟ್‌ನ ಆಂಪ್ಲಿಫೈಯರ್‌ಗೆ ಹೆಡ್‌ಫೋನ್ ಹಾಕಿದರೆ 50 ವಾಟ್ ನುಗ್ಗುತ್ತದೆ ಎಂದು ತುಂಬ ಜನ ತಿಳಿದಿದ್ದಾರೆ. ನಿಮ್ಮ ಮನೆಗೆ 5 ಕಿಲೋವಾಟ್ ಕರೆಂಟ್ ಸಂಪರ್ಕ ಇರುತ್ತದೆ. ಅದೇ ಮನೆಯಲ್ಲಿ 9 ವಾಟ್‌ನ ಬಲ್ಬ್ ಹಾಯಾಗಿ ಉರಿಯುತ್ತದೆ, ತನಗೆ ಬೇಕಾದ 9 ವಾಟನ್ನಷ್ಟೇ ಎಳೆದುಕೊಳ್ಳುತ್ತದೆ. ಆಂಪ್ಲಿಫೈಯರ್ ಕೊಡುವುದು ವೋಲ್ಟೇಜ್. ಎಷ್ಟು ಕರೆಂಟ್ ಹರಿಯಬೇಕು ಎಂಬುದನ್ನು ಎದುರಿಗಿರುವ ಹೆಡ್‌ಫೋನಿನ ಓಮ್, ಅಂದರೆ ಕರೆಂಟಿಗೆ ಅದು ಒಡ್ಡುವ ತಡೆ, ತೀರ್ಮಾನಿಸುತ್ತದೆ. 8 ಓಮ್ ಸ್ಪೀಕರಿಗೆ 50 ವಾಟ್ ಕೊಡಬಲ್ಲ ಆಂಪ್ ಎಂದರೆ 20 ವೋಲ್ಟ್ ಕೊಡಬಲ್ಲ ಆಂಪ್. ಅದೇ 20 ವೋಲ್ಟ್ 50 ಓಮ್‌ನ ಎಚ್‌ಇ-6ಕ್ಕೆ ಸಿಕ್ಕರೆ 8 ವಾಟ್. 300 ಓಮ್‌ನ ಸೆನ್‌ಹೈಸರ್ ಎಚ್‌ಡಿ 650ಕ್ಕೆ ಸಿಕ್ಕರೆ 1.3 ವಾಟ್. ಅದೂ ವಾಲ್ಯೂಮ್ ತುದಿ ಮುಟ್ಟಿದಾಗ.

ಇನ್ನು ನಮಗೆ ಬೇಕಾದದ್ದು ಎಷ್ಟು? ಕಿವಿಗೆ ಹಿತವಾಗಿ ಕೇಳುವುದು ಸರಾಸರಿ 75 ಡೆಸಿಬಲ್ ಆಸುಪಾಸು. ಮೃದಂಗದ ಒಂದು ಗಟ್ಟಿ ಪೆಟ್ಟು ಸರಾಸರಿಗಿಂತ 20 ಡೆಸಿಬಲ್ ಮೇಲೆ ಚಿಮ್ಮುತ್ತದೆ. ಅದರ ಮೇಲೂ ಒಂದಿಷ್ಟು ಉಳಿಕೆ ಇರಲಿ ಎಂದು 110 ಡೆಸಿಬಲ್ ಇಟ್ಟುಕೊಳ್ಳೋಣ. ಒಂದು ಕ್ಷಣದ ಚಿಮ್ಮಿಗೆ ಮಾತ್ರ, ಗಂಟೆಗಟ್ಟಲೆ ಕೇಳುವುದಕ್ಕಲ್ಲ.

ಎಚ್‌ಇ-6ರ ಸೆನ್ಸಿಟಿವಿಟಿ, ಅಂದರೆ ಇಷ್ಟು ಕೊಟ್ಟರೆ ಎಷ್ಟು ಸದ್ದು ಬರುತ್ತದೆ ಎಂಬ ಲೆಕ್ಕ, ಒಂದು ಮಿಲಿವಾಟ್‌ಗೆ 83.5 ಡೆಸಿಬಲ್. ಪ್ರತಿ 10 ಡೆಸಿಬಲ್‌ಗೆ ವಾಟ್ ಹತ್ತು ಪಟ್ಟು. ಅಂದರೆ 10 ಮಿಲಿವಾಟ್‌ಗೆ 93.5, 100ಕ್ಕೆ 103.5, ಒಂದು ವಾಟ್‌ಗೆ 113.5. ನಮ್ಮ 110 ಮುಟ್ಟಲು ಸುಮಾರು 450 ಮಿಲಿವಾಟ್, ವೋಲ್ಟ್‌ನಲ್ಲಿ 4.7. ಈಗ ಎಚ್‌ಡಿ 650 ನೋಡಿ. ಕಂಪನಿಯೇ ಹೇಳುವಂತೆ ಒಂದು ವೋಲ್ಟ್‌ಗೆ 103 ಡೆಸಿಬಲ್. 110ಕ್ಕೆ 2.2 ವೋಲ್ಟ್ ಸಾಕು, ಅಂದರೆ 17 ಮಿಲಿವಾಟ್. ಎರಡೂ ದುಬಾರಿ ಹೆಡ್‌ಫೋನ್, ಎರಡಕ್ಕೂ "ಡ್ರೈವ್ ಮಾಡೋದು ಕಷ್ಟ" ಎಂಬ ಒಂದೇ ಹೆಸರು. ಒಂದಕ್ಕೆ 450, ಇನ್ನೊಂದಕ್ಕೆ 17. ಕುರಿಗೂ ಎಮ್ಮೆಗೂ ಒಂದೇ ಹಗ್ಗ ಕಟ್ಟಿದ ಹಾಗಿದೆ ಈ ಮಾತು.

ಇಲ್ಲಿ ಬೇಸಾಯದವರು ಬಹಳ ಜನ ಇದ್ದೀರಿ, ಅದಕ್ಕೇ ನೀರಿನ ಉದಾಹರಣೆ ಕೊಡುತ್ತೇನೆ. ಮಾರ್ಚ್‌ನಲ್ಲಿ ಹೂಮಳೆ ಕೈಕೊಟ್ಟರೆ ಕಾಫಿಗೆ ಸ್ಪ್ರಿಂಕ್ಲರ್ ಹಾಕುತ್ತೀರಿ. ಅದಕ್ಕೆ ಪ್ರೆಷರ್ ಬೇಕು, ದೊಡ್ಡ ಮೋಟಾರೇ ಬೇಕು, ನೀರಿನಲ್ಲಿ ಒಂದಿಷ್ಟು ಕಸ ಬಂದರೂ ನಡೆಯುತ್ತದೆ. ಅದೇ ಡ್ರಿಪ್ ಹಾಕಿದವರು ಎಚ್‌ಪಿ ಬಗ್ಗೆ ಕೇಳುವುದಿಲ್ಲ, ಫಿಲ್ಟರ್ ಬಗ್ಗೆ ಕೇಳುತ್ತಾರೆ. ಕಸ ಬಂದರೆ ಕೆಲಸ ಕೆಟ್ಟಿತು. ಸ್ಪೀಕರ್ ಎಂದರೆ ಸ್ಪ್ರಿಂಕ್ಲರ್, ಹೆಡ್‌ಫೋನ್ ಎಂದರೆ ಡ್ರಿಪ್. ಎಚ್‌ಇ-6, ಅದೇ ಕಂಪನಿಯ ಸುಸ್ವರಾ ಮುಂತಾದವು ಗುಡ್ಡದ ತುದಿಯಲ್ಲಿ ಹಾಕಿದ ಡ್ರಿಪ್. ಅಲ್ಲಿಗೆ ನೀರು ಏರಬೇಕು, ಏರಿದ ಮೇಲೆ ಶುದ್ಧವಾಗಿಯೂ ಇರಬೇಕು. ಈ ಎರಡನೆಯ ಮಾತನ್ನೇ ಎಲ್ಲರೂ ಮರೆಯುವುದು.

ಕಸ ಎಂದರೆ ಇಲ್ಲಿ ಆಂಪ್ಲಿಫೈಯರಿನ ಸ್ವಂತ ಸದ್ದು. ಹಾಡು ಇಲ್ಲದಾಗಲೂ ಒಳಗಿಂದ ಬರುವ ಸುಸ್ಸ್ ಮತ್ತು ಗುಂಯ್. ಇದೇ ಊರಿನಲ್ಲಿ ಇಸ್ರೊದ ಎಂಸಿಎಫ್, ಅಂದರೆ ಉಪಗ್ರಹಗಳನ್ನು ನಿಯಂತ್ರಿಸುವ ಕೇಂದ್ರ ಇದೆ, 1982ರಿಂದ. 36,000 ಕಿಲೋಮೀಟರ್ ಎತ್ತರದ ಉಪಗ್ರಹದಿಂದ ಬರುವ ಕ್ಷೀಣ ಸಂಕೇತವನ್ನು ಹಿಡಿಯಲು ಅಂಟೆನಾದ ಬಾಯಲ್ಲೇ ಅತಿ ಕಡಿಮೆ ನಾಯ್ಸ್‌ನ ಆಂಪ್ಲಿಫೈಯರ್ ಇಡುತ್ತಾರೆ. ಕ್ಷೀಣವಾದದ್ದನ್ನು ಹತ್ತಿರದಿಂದ ಕೇಳುವಾಗ ಬಲಕ್ಕಿಂತ ನಿಶ್ಶಬ್ದಕ್ಕೆ ಬೆಲೆ ಜಾಸ್ತಿ. ಅಲ್ಲಿ ಕೆಲಸ ಮಾಡಿದವರಿಗೆ ನಾನು ಇದನ್ನು ಹೇಳಬೇಕಿಲ್ಲ.

ಒಂದು ಸಾಧಾರಣ ಸ್ಪೀಕರ್ ಆಂಪಿನ ನಾಯ್ಸ್ 100 ಮೈಕ್ರೊವೋಲ್ಟ್ ಎಂದುಕೊಳ್ಳೋಣ. 2.83 ವೋಲ್ಟ್‌ಗೆ 88 ಡೆಸಿಬಲ್ ಕೊಡುವ ಸ್ಪೀಕರಿಗೆ ಅದನ್ನು ಹಾಕಿದರೆ ಒಂದು ಮೀಟರ್ ದೂರದಲ್ಲಿ ಆ ನಾಯ್ಸ್ ಸೊನ್ನೆ ಡೆಸಿಬಲ್‌ಗೂ ಕೆಳಗೆ. ಕೇಳುವುದೇ ಇಲ್ಲ. ಅದೇ 100 ಮೈಕ್ರೊವೋಲ್ಟ್ ಎಚ್‌ಡಿ 650ರಲ್ಲಿ 23 ಡೆಸಿಬಲ್. ಮಧ್ಯರಾತ್ರಿ ತೋಟದ ಮನೆಯಲ್ಲಿ, ಜೀರುಂಡೆ ಸುಮ್ಮನಾದ ಮೇಲೆ, ಕಿವಿಗೆ ತಾಗುತ್ತದೆ. ಕಿವಿಯೊಳಗೆ ತೂರಿಸುವ, 16 ಓಮ್‌ನ, ಮಿಲಿವಾಟ್‌ಗೆ 110 ಡೆಸಿಬಲ್ ಕೊಡುವ ಇಯರ್‌ಫೋನ್ ಹಾಕಿದರೆ ಅದು 48 ಡೆಸಿಬಲ್! ಹೆಂಚಿನ ಮೇಲೆ ಸೋನೆಮಳೆ ಹಿಡಿದ ಹಾಗೆ. ಇಂಥ ಇಯರ್‌ಫೋನನ್ನು ಸ್ಪೀಕರ್ ಆಂಪ್‌ಗೆ ಸಿಕ್ಕಿಸುವುದು ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಟ್ಟಂತೆ, ದಯವಿಟ್ಟು ಮಾಡಬೇಡಿ. ಚಿಕ್ಕ ಪೆಟ್ಟಿಗೆಯ ಹಿರಿಮೆ ಇರುವುದು ಇಲ್ಲಿ. ಇವತ್ತಿನ ಒಳ್ಳೆಯ ಹೆಡ್‌ಫೋನ್ ಆಂಪ್‌ಗಳ ನಾಯ್ಸ್ 5 ಮೈಕ್ರೊವೋಲ್ಟ್‌ಗೂ ಕಡಿಮೆ. ಅವು ಕೊಡುವ ವಾಟ್‌ಗಿಂತ ಆ ಮೌನಕ್ಕೇ ನಾನು ದುಡ್ಡು ಕೊಡುವುದು.

ನಮ್ಮ ಜಿಲ್ಲೆಯ ರುದ್ರಪಟ್ಟಣ ನಿಮಗೆ ಗೊತ್ತು. ಕಾವೇರಿ ದಂಡೆಯ ಆ ಒಂದು ಊರು ಆರ್.ಕೆ. ಶ್ರೀಕಂಠನ್ ಅವರನ್ನೂ ಇನ್ನೆಷ್ಟೋ ವಿದ್ವಾಂಸರನ್ನೂ ಕೊಟ್ಟಿತು. ಅಲ್ಲಿ ತಂಬೂರಿಯ ಆಕಾರದಲ್ಲೇ ಒಂದು ಮಂದಿರ ಕಟ್ಟಿದ್ದಾರೆ. ತಂಬೂರಿ ಮೀಟಿದಾಗ ತಂತಿಯ ನಾದದ ಮೇಲೆ ಜೀವಾಳದ ಝೇಂಕಾರ ಏಳುತ್ತದಲ್ಲ, ಅದು ಕರಗುತ್ತಾ ಕರಗುತ್ತಾ ಹೋಗುತ್ತದೆ. ಎಲ್ಲಿಯವರೆಗೆ ಕೇಳುತ್ತದೆ? ಆಂಪಿನ ನಾಯ್ಸ್ ಮಟ್ಟ ಮುಟ್ಟುವವರೆಗೆ. ಆಮೇಲೆ ಅದು ಸುಸ್ಸ್ ಎಂಬ ಸದ್ದಿನಲ್ಲಿ ಮುಳುಗುತ್ತದೆ. ದುಬಾರಿ ಹೆಡ್‌ಫೋನ್ ಕೊಂಡದ್ದೇ ಆ ಕೊನೆಯ ಎಳೆಯನ್ನು ಕೇಳಲಿಕ್ಕೆ. ಅದನ್ನೇ ಮುಚ್ಚಿಹಾಕಿದರೆ ಏನು ಬಂತು?

ವಾಲ್ಯೂಮ್ ಗುಂಡಿಯದು ಇನ್ನೊಂದು ಕಥೆ. ಎಚ್‌ಡಿ 650ರಲ್ಲಿ 80 ಡೆಸಿಬಲ್ ಕೇಳಲು ಸುಮಾರು 70 ಮಿಲಿವೋಲ್ಟ್ ಸಾಕು. ಡಿಜಿಟಲ್ ಹಾಡನ್ನು ವಿದ್ಯುತ್ ಸಂಕೇತವಾಗಿಸುವ ಡ್ಯಾಕ್‌ನಿಂದ ಬರುವುದು 2 ವೋಲ್ಟ್, ಸ್ಪೀಕರ್ ಆಂಪ್ ಅದನ್ನು ಇಪ್ಪತ್ತು ಪಟ್ಟು ಹಿಗ್ಗಿಸುತ್ತದೆ. ಅಂದರೆ 40 ವೋಲ್ಟ್ ಆಗಬೇಕಾದದ್ದನ್ನು ಗುಂಡಿಯಿಂದ ಐನೂರರಲ್ಲಿ ಒಂದು ಪಾಲಿಗಿಂತಲೂ ಕೆಳಗೆ ಇಳಿಸಬೇಕು. ಗೇಟ್‌ವಾಲ್ವ್ ಒಂದು ಎಳೆಯಷ್ಟು ತೆರೆದ ಹಾಗೆ. ಹಳೆಯ ಆಂಪ್‌ಗಳ ಗುಂಡಿ ಆ ಜಾಗದಲ್ಲಿ ಎಡಕ್ಕೂ ಬಲಕ್ಕೂ ಸಮ ಇರುವುದಿಲ್ಲ. ಹಾಡುವವರು ಮಧ್ಯದಿಂದ ಎಡಗಿವಿಗೆ ಸರಿದುಬಿಡುತ್ತಾರೆ. ಹೆಡ್‌ಫೋನ್ ಹಾಳಾಯಿತು ಎಂದು ಅಂಗಡಿಗೆ ತಂದವರಿದ್ದಾರೆ.

ಈಗ ಅಪ್ಪನ ಆಂಪ್ಲಿಫೈಯರಿನ ಮುಚ್ಚಳ ತೆಗೆಯುತ್ತೇನೆ. ಪ್ಲಗ್ ಕಿತ್ತಿದೆ, ಹತ್ತಿರ ಬಂದು ನೋಡಿ. ಮುಂಭಾಗದ ದಪ್ಪ ಹೆಡ್‌ಫೋನ್ ಜ್ಯಾಕಿನ ಹಿಂದೆ ಎರಡು ರೆಸಿಸ್ಟರ್ ಕಾಣುತ್ತವೆ, ಒಂದೊಂದು 330 ಓಮ್. ಆ ಕಾಲದ ಎಷ್ಟೋ ಕಂಪನಿಗಳು ಹೆಡ್‌ಫೋನ್‌ಗೆ ಬೇರೆ ಸರ್ಕ್ಯೂಟ್ ಮಾಡುತ್ತಿರಲಿಲ್ಲ. ಸ್ಪೀಕರ್ ಔಟ್‌ಪುಟ್‌ಗೇ ಒಂದು ರೆಸಿಸ್ಟರ್ ಕೂರಿಸಿ ಮುಂದಕ್ಕೆ ತಂದು ಬಿಡುತ್ತಿದ್ದವು. ಹಾಗಾದರೆ ಈ ವಾದ ಹೊಸದೇನಲ್ಲ. ನಮ್ಮ ಅಪ್ಪಂದಿರು ಕೇಳುತ್ತಿದ್ದದ್ದೇ ಸ್ಪೀಕರ್ ಆಂಪ್‌ನಲ್ಲಿ!

ಈ ಎರಡು ಪೈಸೆಯ ರೆಸಿಸ್ಟರ್ ಏನು ಮಾಡುತ್ತದೆ ನೋಡಿ. 20 ವೋಲ್ಟ್‌ನಲ್ಲಿ ಎಚ್‌ಇ-6ಕ್ಕೆ ಮುಟ್ಟುವುದು 2.6 ವೋಲ್ಟ್. ಅಷ್ಟಕ್ಕೇ 105 ಡೆಸಿಬಲ್ ಬರುತ್ತದೆ. ಲಕ್ಷ ರೂಪಾಯಿಯ ಹೆಡ್‌ಫೋನ್ ಆಂಪ್ ತಗೋ ಎಂದಿದ್ದರಲ್ಲ, ಧೂಳು ಹಿಡಿದ ಜ್ಯಾಕಿನಲ್ಲೇ ಇಷ್ಟು ಬಂತು. ಜೊತೆಗೆ ನಾಯ್ಸ್ ಕೂಡ 17 ಡೆಸಿಬಲ್‌ಗಿಂತ ಹೆಚ್ಚು ಇಳಿಯಿತು, ಪುಕ್ಕಟೆಯಾಗಿ. ಹುಡುಗನಿಗೆ ಅವತ್ತು ಮೊದಲು ಇದನ್ನೇ ಕೇಳಿಸಿದೆ. ಹತ್ತು ನಿಮಿಷ ಮಾತಾಡಲಿಲ್ಲ ಅವನು.

ಆದರೆ ಅದೇ ಜ್ಯಾಕಿಗೆ ಎಚ್‌ಡಿ 650 ಹಾಕಿದರೆ ಬೇರೆಯದೇ ಆಗುತ್ತದೆ. ಎಚ್‌ಇ-6 ಪ್ಲೇನಾರ್, ಅಂದರೆ ಚಪ್ಪಟೆ ಪರದೆಯ ಜಾತಿಯದು, ಅದರ ಇಂಪೀಡೆನ್ಸ್, ಅಂದರೆ ಓಮ್ ಲೆಕ್ಕ, ಮಂದ್ರದಿಂದ ತಾರದವರೆಗೆ ಹೆಚ್ಚುಕಡಿಮೆ ಒಂದೇ. ಎಚ್‌ಡಿ 650ರದು ಕಾಯಿಲ್ ಇರುವ ಡೈನಾಮಿಕ್ ಜಾತಿ. ಹೆಸರಿಗೆ 300 ಓಮ್, ಆದರೆ 100 ಹರ್ಟ್ಸ್‌ನ ಕೆಳಗೆ ಒಂದು ಕಡೆ ಸುಮಾರು 500 ಓಮ್‌ಗೆ ಏರುತ್ತದೆ. ಮುಂದೆ 330 ಓಮ್ ಕೂತಿದ್ದರೆ ಓಮ್ ಹೆಚ್ಚಿರುವ ಜಾಗಕ್ಕೆ ವೋಲ್ಟೇಜಿನ ಪಾಲು ಹೆಚ್ಚು ಹೋಗುತ್ತದೆ. ಲೆಕ್ಕ ಹಾಕಿದರೆ ಬಾಸ್ ಸುಮಾರು 2 ಡೆಸಿಬಲ್ ಉಬ್ಬುತ್ತದೆ. "ಹಳೇ ಆಂಪ್‌ನಲ್ಲಿ ಬಾಸ್ ದಪ್ಪಗೆ, ಬೆಚ್ಚಗೆ ಬರುತ್ತೆ" ಎಂದು ಹೇಳುವವರ ಕಿವಿ ಸುಳ್ಳು ಹೇಳುತ್ತಿಲ್ಲ. ಅವರು ಕೇಳುತ್ತಿರುವುದು ರೆಸಿಸ್ಟರನ್ನು. ನಿಮಗೆ ಅದು ಇಷ್ಟವೋ, ಕೇಳಿ, ಯಾರ ಅಪ್ಪಣೆಯೂ ಬೇಡ. ಆದರೆ ಅದಕ್ಕೆ "ಪವರ್" ಎಂದು ಹೆಸರಿಟ್ಟು ಇನ್ನೊಬ್ಬರ ಜೇಬು ಖಾಲಿ ಮಾಡಿಸಬೇಡಿ. 1996ರ ಐಇಸಿ 61938 ಎಂಬ ಮಾನದಂಡವೇ ಹೆಡ್‌ಫೋನ್ ಔಟ್‌ಪುಟ್‌ಗೆ 120 ಓಮ್ ಇರಲಿ ಎಂದಿತ್ತು. ಅಷ್ಟಿದ್ದರೂ 650ರಲ್ಲಿ ಒಂದು ಡೆಸಿಬಲ್ ಉಬ್ಬು ಬರುತ್ತದೆ. ಇವತ್ತಿನ ಹೆಡ್‌ಫೋನ್ ಆಂಪ್‌ಗಳು ಬಹುಮಟ್ಟಿಗೆ ಒಂದೆರಡು ಓಮ್‌ಗೂ ಕೆಳಗಿವೆ, ಉಬ್ಬು ಇಲ್ಲ.

ಹೆಡ್‌ಫೋನ್ ಜ್ಯಾಕ್ ಬಿಟ್ಟು ನೇರವಾಗಿ ಸ್ಪೀಕರ್ ಟರ್ಮಿನಲ್‌ಗೇ ಕಟ್ಟಬೇಕಾದ ಹೆಡ್‌ಫೋನ್ ನಿಜವಾಗಿ ಇದೆಯೇ? ಇತ್ತು. ವಿಯೆನ್ನಾದ ಎಕೆಜಿ ಕಂಪನಿ 1980ರ ದಶಕದ ಕೊನೆಯ ಹೊತ್ತಿಗೆ ಕೆ1000 ಎಂಬುದನ್ನು ತಂದಿತು. ಕಿವಿಗೆ ಒತ್ತುವ ದಿಂಬೇ ಇಲ್ಲ, ಎರಡು ಪುಟ್ಟ ಸ್ಪೀಕರ್‌ಗಳು ಕಿಟಕಿ ಬಾಗಿಲಿನ ಹಾಗೆ ಕಿವಿಯಿಂದಾಚೆ ತೆರೆದು ನಿಲ್ಲುತ್ತವೆ. 120 ಓಮ್, ಮಿಲಿವಾಟ್‌ಗೆ ಬರೀ 74 ಡೆಸಿಬಲ್. 110 ಮುಟ್ಟಲು 4 ವಾಟ್, ಅಂದರೆ 22 ವೋಲ್ಟ್. ಈ 50 ವಾಟ್‌ನ ಪೆಟ್ಟಿಗೆಗೂ ಅದು ತುಸು ಹೆಚ್ಚೇ. ಸ್ಪೀಕರ್ ಟರ್ಮಿನಲ್‌ಗೆ ಸಿಕ್ಕಿಸುವ ವೈರನ್ನು ಕಂಪನಿಯೇ ಜೊತೆಗೆ ಕೊಡುತ್ತಿತ್ತು. ಜಪಾನಿನ ಸ್ಟ್ಯಾಕ್ಸ್ ಕಂಪನಿಯ ಎಲೆಕ್ಟ್ರೋಸ್ಟ್ಯಾಟಿಕ್ ಹೆಡ್‌ಫೋನ್‌ಗಳದು ಇನ್ನೊಂದು ದಾರಿ. ಅವುಗಳ ಪರದೆಗೆ ನೂರಾರು ವೋಲ್ಟ್‌ನ ಬಯಾಸ್, ಅಂದರೆ ಸದಾ ನಿಂತಿರುವ ವೋಲ್ಟೇಜ್ ಬೇಕು. ಎಸ್‌ಆರ್‌ಡಿ-7 ಎಂಬ ಅವರ ಪೆಟ್ಟಿಗೆಯನ್ನು ಸ್ಪೀಕರ್ ಆಂಪ್‌ಗೆ ಕಟ್ಟಿದರೆ ಒಳಗಿನ ಟ್ರಾನ್ಸ್‌ಫಾರ್ಮರ್ ಸಂಕೇತವನ್ನು ನೂರಾರು ವೋಲ್ಟ್‌ಗೆ ಏರಿಸುತ್ತದೆ. ಆ ಪೆಟ್ಟಿಗೆ ಇಲ್ಲದೆ ಸ್ಟ್ಯಾಕ್ಸ್ ಅನ್ನು ಯಾವ ಮಾಮೂಲಿ ಆಂಪ್‌ಗೂ ನೇರವಾಗಿ ಹಾಕುವಂತಿಲ್ಲ.

ಈಗ ಅಪಾಯದ ಮಾತು. ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ, ಏಕೆಂದರೆ ಇದರಲ್ಲಿ ತಪ್ಪಿದರೆ ವಸ್ತು ವಾಪಸ್ ಬರುವುದಿಲ್ಲ.

ಎರಡು ವರ್ಷದ ಹಿಂದೆ ಒಬ್ಬ ಇಂಜಿನಿಯರಿಂಗ್ ವಿದ್ಯಾರ್ಥಿ ಸುಟ್ಟುಹೋದ ಒಂದು ಪುಟ್ಟ ಕ್ಲಾಸ್-ಡಿ ಆಂಪ್ (ಕರೆಂಟನ್ನು ಅತಿವೇಗದಲ್ಲಿ ಆನ್-ಆಫ್ ಮಾಡಿ ಸಂಕೇತ ಹಿಗ್ಗಿಸುವ ಜಾತಿ) ತಂದ. ಹೆಡ್‌ಫೋನಿನ ಮಾಮೂಲಿ ಮೂರು ಭಾಗದ ಪಿನ್ನಿಗೆ ಹೊಂದಿಸಲು ಎಡದ ಮೈನಸ್, ಬಲದ ಮೈನಸ್ ಎರಡನ್ನೂ ಸೇರಿಸಿ ಬೆಸುಗೆ ಹಾಕಿದ್ದ. ತಪ್ಪು ಅವನದ್ದೆಂದು ಹೇಳಲಾರೆ, ಯಾರೂ ಅವನಿಗೆ ತಿಳಿಸಿರಲಿಲ್ಲ. ಇವತ್ತು ಸಿಗುವ ಹೆಚ್ಚಿನ ಕ್ಲಾಸ್-ಡಿ ಆಂಪ್‌ಗಳಲ್ಲಿ ಮೈನಸ್ ಟರ್ಮಿನಲ್ ಎಂದರೆ ಗ್ರೌಂಡ್ ಅಲ್ಲ. ಪ್ಲಸ್‌ನಷ್ಟೇ ಅದೂ ಕೆಲಸ ಮಾಡುತ್ತಿರುತ್ತದೆ, ಬ್ರಿಡ್ಜ್ ಔಟ್‌ಪುಟ್ ಎನ್ನುತ್ತಾರೆ. ಎರಡು ಮೈನಸ್ ಸೇರಿಸಿದರೆ ಎರಡು ಆಂಪ್‌ಗಳನ್ನು ಒಂದಕ್ಕೊಂದು ಶಾರ್ಟ್ ಮಾಡಿದಂತೆ. ಸ್ಪೀಕರ್ ಟರ್ಮಿನಲ್‌ನಿಂದ ಹೆಡ್‌ಫೋನ್‌ಗೆ ಹೋಗುವ ವೈರು ಯಾವಾಗಲೂ ನಾಲ್ಕು ಎಳೆಯದ್ದಾಗಿರಲಿ. ಎಡಕ್ಕೆ ಎರಡು, ಬಲಕ್ಕೆ ಎರಡು, ಎಲ್ಲೂ ಒಂದನ್ನೊಂದು ಮುಟ್ಟಬಾರದು. ಅಂದರೆ ಹೆಡ್‌ಫೋನಿನ ವೈರು ಎರಡೂ ಕಪ್ಪಿಗೆ ಬೇರೆಬೇರೆಯಾಗಿ ಬಿಚ್ಚಿಬರುವಂಥದ್ದಾಗಿರಬೇಕು.

ಕ್ಲಾಸ್-ಡಿಯಲ್ಲಿ ಇನ್ನೊಂದು ಸೂಕ್ಷ್ಮ. ಅದರ ಔಟ್‌ಪುಟ್‌ನಲ್ಲಿ ಕಾಯಿಲ್, ಕೆಪ್ಯಾಸಿಟರ್‌ನ ಫಿಲ್ಟರ್ ಇರುತ್ತದೆ. ಅಗ್ಗದ ಬೋರ್ಡ್‌ಗಳಲ್ಲಿ ಅದನ್ನು 4 ಅಥವಾ 8 ಓಮ್ ಸ್ಪೀಕರ್ ಇದೆ ಎಂದೇ ಲೆಕ್ಕ ಹಾಕಿ ಮಾಡಿರುತ್ತಾರೆ. 300 ಓಮ್ ಕಟ್ಟಿದರೆ ಆ ಫಿಲ್ಟರಿಗೆ ಹಿಡಿತ ತಪ್ಪಿ ತಾರದ ತುದಿ ಏರುತ್ತದೆ. ಫೀಡ್‌ಬ್ಯಾಕನ್ನು ಫಿಲ್ಟರಿನ ಆಚೆಯಿಂದ ತೆಗೆದುಕೊಳ್ಳುವ, ಅಂದರೆ ಅಲ್ಲಿ ಬಂದದ್ದನ್ನು ನೋಡಿ ತನ್ನನ್ನು ತಾನೇ ತಿದ್ದಿಕೊಳ್ಳುವ ವಿನ್ಯಾಸಗಳಲ್ಲಿ, ಹೈಪೆಕ್ಸ್ ಎನ್‌ಕೋರ್ ಅಂಥವುಗಳಲ್ಲಿ, ಈ ತೊಂದರೆ ಇಲ್ಲ.

ವಾಲ್ವ್ ಆಂಪ್ ಇಟ್ಟುಕೊಂಡವರು ಇಬ್ಬರು ಇಲ್ಲಿದ್ದೀರಿ. ನಿಮ್ಮದರಲ್ಲಿ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇದೆ. ಅದಕ್ಕೆ ಲೋಡ್ ಇಲ್ಲದೆ, ಅಥವಾ ಇದ್ದೂ ಇಲ್ಲದಂತಹ 300 ಓಮ್ ಕಟ್ಟಿ, ವಾಲ್ಯೂಮ್ ಏರಿಸಿದರೆ ಪ್ರೈಮರಿಯಲ್ಲಿ ವೋಲ್ಟೇಜ್ ಹೆಚ್ಚಿ ಇನ್ಸುಲೇಷನ್ ಒಡೆದುಹೋಗಬಹುದು. 8 ಓಮ್ ರೆಸಿಸ್ಟರ್ ಒಂದು ಯಾವಾಗಲೂ ಕಟ್ಟಿಯೇ ಇರಬೇಕು. ಮೈಕ್‌ಸೆಟ್ ಆಂಪ್‌ಗಳ ಹತ್ತಿರ ಮಾತ್ರ ಹೋಗಲೇಬೇಡಿ. ಅವುಗಳ ಹಿಂದೆ 70 ವೋಲ್ಟ್, 100 ವೋಲ್ಟ್ ಎಂಬ ಟರ್ಮಿನಲ್‌ಗಳಿರುತ್ತವೆ.

ಕೊನೆಯದು, ನನಗೆ ಹೆಚ್ಚು ಭಯವಿರುವುದು ಡಿಸಿ, ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟ್. ಹಳೆಯ ಆಂಪಿನ ಔಟ್‌ಪುಟ್ ಟ್ರಾನ್ಸಿಸ್ಟರ್ ಶಾರ್ಟ್ ಆದರೆ ಒಳಗಿನ 35 ವೋಲ್ಟ್ ಡಿಸಿ ನೇರವಾಗಿ ಹೊರಗೆ ಬರುತ್ತದೆ. 50 ಓಮ್‌ಗೆ ಅದು 24 ವಾಟ್. ಅರಿಶಿನ ದಾರದಷ್ಟೂ ದಪ್ಪವಿಲ್ಲದ ತಂತಿ ಅದನ್ನು ತಡೆಯುವುದಿಲ್ಲ. ಹಾಡಿನ 8 ವಾಟ್ ಬಂದಾಗ ಕಿವಿ ನೊಂದು ನೀವೇ ಕಿತ್ತು ಎಸೆಯುತ್ತೀರಿ, ಡಿಸಿ ಬಂದಾಗ ಒಂದು ಟಪ್ ಮಾತ್ರ ಕೇಳುತ್ತದೆ. ಹಾಗಾಗಿ ಹಳೆಯ ಆಂಪ್‌ಗೆ ಹೆಡ್‌ಫೋನ್ ಕಟ್ಟುವ ಮುಂಚೆ ಮಲ್ಟಿಮೀಟರ್ ಹಿಡಿದು ಡಿಸಿ ಅಳೆಯಿರಿ. ಆನ್ ಮಾಡಿದ ತಕ್ಷಣ ಒಮ್ಮೆ, ಅರ್ಧ ಗಂಟೆ ಬಿಸಿಯಾದ ಮೇಲೆ ಒಮ್ಮೆ. ಐವತ್ತು ಮಿಲಿವೋಲ್ಟ್ ದಾಟಿದರೆ ಮೊದಲು ರಿಪೇರಿ, ಆಮೇಲೆ ಹಾಡು.

ಸಕಲೇಶಪುರದ ಹುಡುಗನಿಗೆ ನಾನು ಮಾಡಿಕೊಟ್ಟದ್ದು ಇನ್ನೊಂದು ಪುಟ್ಟ ಪೆಟ್ಟಿಗೆ, ಬರೀ ರೆಸಿಸ್ಟರ್‌ಗಳದ್ದು, ಆಂಪ್‌ಗೂ ಹೆಡ್‌ಫೋನ್‌ಗೂ ನಡುವೆ ಕೂರುವಂಥದ್ದು. ಚಾನೆಲ್‌ಗೆ ಎರಡೇ ರೆಸಿಸ್ಟರ್, ಎಲ್ಲ ಬೆಂಗಳೂರಿನ ಎಸ್.ಪಿ. ರೋಡಿನ ಮಾಲು. ಪ್ಲಸ್ ದಾರಿಯಲ್ಲಿ 5.6 ಓಮ್, ಅದರ ಮುಂದೆ ಪ್ಲಸ್ ಮೈನಸ್ ನಡುವೆ 2.7 ಓಮ್, ಹೆಡ್‌ಫೋನ್ ಇರುವುದು ಈ 2.7ರ ಮೇಲೆ. 50 ವಾಟ್‌ನ ಅಲ್ಯೂಮಿನಿಯಂ ಕವಚದವು, ತಗಡಿಗೆ ಬಿಗಿದಿದ್ದೇನೆ. ಆಂಪ್‌ಗೆ ಕಾಣುವುದು 8 ಓಮ್, ಅದಕ್ಕೆ ಸ್ಪೀಕರ್ ಕಟ್ಟಿದ ಹಾಗೇ ಅನ್ನಿಸುತ್ತದೆ. ಹೆಡ್‌ಫೋನ್‌ಗೆ ಕಾಣುವ ಔಟ್‌ಪುಟ್ ಇಂಪೀಡೆನ್ಸ್ 2 ಓಮ್‌ಗೂ ಕಡಿಮೆ, ಆದ್ದರಿಂದ 650 ಹಾಕಿದರೂ ಬಾಸ್ ಉಬ್ಬುವುದಿಲ್ಲ. ವೋಲ್ಟೇಜ್ 10 ಡೆಸಿಬಲ್ ಇಳಿಯುತ್ತದೆ, ನಾಯ್ಸ್ ಅಷ್ಟೇ ಇಳಿಯುತ್ತದೆ, ವಾಲ್ಯೂಮ್ ಗುಂಡಿ ಒಳ್ಳೆಯ ಜಾಗಕ್ಕೆ ಬರುತ್ತದೆ. ಇಳಿದ ಮೇಲೂ ಎಚ್‌ಇ-6ಕ್ಕೆ 6 ವೋಲ್ಟ್ ಸಿಗುತ್ತದೆ, 112 ಡೆಸಿಬಲ್. ವಾಲ್ವ್ ಆಂಪ್‌ನವರಿಗೆ ಬೇಕಾದ ಲೋಡ್ ಕೂಡ ಇದರಲ್ಲೇ ಬಂತು. ಡಿಸಿಯಿಂದ ಮಾತ್ರ ಪೂರ್ತಿ ರಕ್ಷಣೆ ಇಲ್ಲ, ಮೀಟರ್ ಹಿಡಿಯುವುದು ತಪ್ಪದು.

ಇನ್ನು ಸ್ಪೀಕರ್ ಆಂಪ್, ಹೆಡ್‌ಫೋನ್ ಆಂಪ್ ಇವೆರಡರಲ್ಲಿ ಯಾವುದು ಚೆನ್ನಾಗಿ ಕೇಳುತ್ತದೆ? ಒಂದು ಕಾಲದಲ್ಲಿ ನಾನೂ ದೊಡ್ಡ ಪೆಟ್ಟಿಗೆಯ ಪರವೇ ಇದ್ದೆ. ಸ್ವರದ ಸುತ್ತ ಜಾಗ ಹೆಚ್ಚು, ಮೃದಂಗಕ್ಕೆ ತೂಕ ಹೆಚ್ಚು ಎಂದು ಖಂಡಿತವಾಗಿ ಹೇಳುತ್ತಿದ್ದೆ. ಒಂದು ದಿನ 100 ಹರ್ಟ್ಸ್‌ನ ಸ್ವರ ಹಾಕಿ, ಎರಡೂ ಆಂಪ್‌ಗಳ ಔಟ್‌ಪುಟ್ಟನ್ನು ಮೀಟರ್‌ನಲ್ಲಿ ಅಳೆದೆ. ದೊಡ್ಡದರಲ್ಲಿ ನಾನು ಗೊತ್ತಿಲ್ಲದೆಯೇ 2 ಡೆಸಿಬಲ್ ಜಾಸ್ತಿ ಇಟ್ಟು ಕೇಳುತ್ತಿದ್ದೆ. ಜೋರಾದದ್ದು ಕಿವಿಗೆ ಚೆಂದ ಅನ್ನಿಸುತ್ತದೆ, ಜೋರು ಎಂದು ಅನ್ನಿಸುವುದಿಲ್ಲ. ಎರಡನ್ನೂ 0.1 ಡೆಸಿಬಲ್‌ನೊಳಗೆ ಸರಿದೂಗಿಸಿ, ಗೆಳೆಯನನ್ನು ಪರದೆಯ ಹಿಂದೆ ಕೂರಿಸಿ ವೈರು ಬದಲಿಸಲು ಹೇಳಿದೆ. ಎಚ್‌ಇ-6ರಲ್ಲಿ, ಹಾಡು ನಡೆಯುತ್ತಿರುವಾಗ, ಯಾವುದು ಯಾವುದೆಂದು ನನಗೆ ಗುರುತಿಸಲಾಗಲಿಲ್ಲ. ಹಾಡು ನಿಂತಾಗ ಗುರುತಿಸಿದೆ, ರೆಸಿಸ್ಟರ್ ಪೆಟ್ಟಿಗೆ ಇಲ್ಲದ ದೊಡ್ಡದು ಸುಸ್ಸ್ ಎನ್ನುತ್ತಿತ್ತು. ಎರಡೂ ತಮ್ಮ ಮಿತಿಯೊಳಗೆ ಓಡುವಾಗ ಎಂದು ಸೇರಿಸಿಕೊಳ್ಳಿ. ಬಲ ಸಾಲದ ಪುಟ್ಟ ಆಂಪ್ ಆಗಿದ್ದರೆ ಮೃದಂಗದ ಪೆಟ್ಟಿಗೆ ಒಡೆದ ಸದ್ದು ಬರುತ್ತಿತ್ತು, ಅದನ್ನು ಯಾರು ಬೇಕಾದರೂ ಗುರುತಿಸುತ್ತಾರೆ.

ಹೀಗಾಗಿ ಈಗ ಯಾರಾದರೂ ಕೇಳಿದರೆ ನಾನು ಮೊದಲು ಹೆಡ್‌ಫೋನಿನ ಹೆಸರು ಕೇಳುತ್ತೇನೆ, ಆಂಪಿನದ್ದಲ್ಲ. ಮಿಲಿವಾಟ್‌ಗೆ 85ರ ಕೆಳಗಿದ್ದು, ಮನೆಯಲ್ಲಿ ಒಳ್ಳೆಯ ಸ್ಪೀಕರ್ ಆಂಪ್ ಇದ್ದರೆ, ಅದೇ ಸಾಕು, ರೆಸಿಸ್ಟರ್ ಪೆಟ್ಟಿಗೆ ಮಾಡಿಕೊಳ್ಳೋಣ ಬನ್ನಿ ಎನ್ನುತ್ತೇನೆ. ಮನೆಯಲ್ಲಿ ಏನೂ ಇಲ್ಲದಿದ್ದರೆ ಹೆಡ್‌ಫೋನ್ ಆಂಪನ್ನೇ ಕೊಳ್ಳಿ. 50 ಓಮ್‌ಗೆ ಒಂದು ವಾಟ್ ಕೊಡುವಂಥದ್ದು ಈಗ ಅಪರೂಪವಲ್ಲ. ಉಳಿದ ಎಲ್ಲ ಹೆಡ್‌ಫೋನ್‌ಗಳಿಗೂ ಚಿಕ್ಕ ಪೆಟ್ಟಿಗೆಯೇ ಸರಿ.

ಪ್ರಶ್ನೆಗಳಿದ್ದರೆ ಕೇಳಿ.

ಪ್ರಶ್ನೆ: ನನ್ನ ಹತ್ತಿರ ಎಚ್‌ಡಿ 650 ಇದೆ ಸಾರ್. ಫೋನಿಗೆ ಹಾಕುವ ಪುಟ್ಟ ಡಾಂಗಲ್ ಇದೆ. ಆಂಪ್ ಬೇಕೇ ಬೇಕಾ?

ಒಳ್ಳೆಯ ಡಾಂಗಲ್‌ಗಳು ಒಂದು ವೋಲ್ಟ್ ಕೊಡುತ್ತವೆ. ಅದಕ್ಕೆ 103 ಡೆಸಿಬಲ್. ಈಗಿನ ಹಾಡುಗಳಿಗೆ ಧಾರಾಳ. ಹಳೆಯ ಕಛೇರಿ ಧ್ವನಿಮುದ್ರಿಕೆಗಳು ಮೆಲ್ಲಗಿರುತ್ತವೆ, ಅವುಗಳಿಗೆ ಸಾಲದು ಅನ್ನಿಸಿದರೆ ಆಗ ಒಂದು ಚಿಕ್ಕ ಆಂಪ್ ತೆಗೆದುಕೊಳ್ಳಿ. ಅನ್ನಿಸುವ ಮುಂಚೆ ಬೇಡ.

ಪ್ರಶ್ನೆ: ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಇರೋದೇ ಕಮ್ಮಿ. ಇನ್ವರ್ಟರ್‌ನಲ್ಲಿ ಹಾಕಿದರೆ ಗರ್ ಅನ್ನುತ್ತೆ.

ಅಗ್ಗದ ಇನ್ವರ್ಟರ್ ಕೊಡುವುದು ಚೌಕಾಕಾರದ ಅಲೆ. ದೊಡ್ಡ ಟ್ರಾನ್ಸ್‌ಫಾರ್ಮರ್ ಅದಕ್ಕೆ ನಡುಗುತ್ತದೆ, ಆ ಸದ್ದು ಹೆಡ್‌ಫೋನಿಗೂ ಇಳಿಯುತ್ತದೆ. ಸೈನ್‌ವೇವ್ ಇನ್ವರ್ಟರ್ ಆದರೆ ತೊಂದರೆ ಇಲ್ಲ. ಇಲ್ಲದಿದ್ದರೆ ಕರೆಂಟ್ ಹೋದಾಗ ಬ್ಯಾಟರಿಯಲ್ಲಿ ಓಡುವ ಪುಟ್ಟ ಆಂಪ್ ಬಳಸಿ. ತೋಟದ ಮನೆಯವರು ಅರ್ಥಿಂಗ್ ಗುಂಡಿಯನ್ನೂ ಒಮ್ಮೆ ನೋಡಿಸಿ. ಅದು ಸರಿಯಿಲ್ಲದಿದ್ದರೆ ಗುಂಯ್ ಎನ್ನುವುದಷ್ಟೇ ಅಲ್ಲ, ಶಾಕ್ ಹೊಡೆಯುತ್ತದೆ.

ಪ್ರಶ್ನೆ, ಒಬ್ಬ ತಾಯಿಯವರದು: ನನ್ನ ಮಗ ಇಡೀ ದಿನ ಕಿವಿಗೆ ಹಾಕಿಕೊಂಡಿರುತ್ತಾನೆ. ಕಿವಿ ಕೆಡಲ್ವಾ?

ಕೆಡುತ್ತದೆ ತಾಯಿ, ಜೋರಾಗಿ ಕೇಳಿದರೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ ಮಿತಿ, ದೊಡ್ಡವರಿಗೆ ವಾರಕ್ಕೆ 40 ಗಂಟೆ, 80 ಡೆಸಿಬಲ್. ಮೂರು ಡೆಸಿಬಲ್ ಏರಿದರೆ ಗಂಟೆ ಅರ್ಧಕ್ಕೆ ಇಳಿಯುತ್ತದೆ. ಸ್ಪೀಕರ್ ಆಂಪಿನಲ್ಲಿ ಕೈ ತಪ್ಪಿ ಗುಂಡಿ ತಿರುಗಿದರೆ 650ರಲ್ಲಿ 129 ಡೆಸಿಬಲ್‌ವರೆಗೆ ಹೋಗಬಹುದು, ಅಲ್ಲಿ ಗಂಟೆಯ ಲೆಕ್ಕವೇ ಇಲ್ಲ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ನಾನು ಸ್ಪೀಕರ್ ಟರ್ಮಿನಲ್‌ಗೆ ಹೆಡ್‌ಫೋನ್ ಕಟ್ಟಿಕೊಡುವುದೇ ಇಲ್ಲ.

ಪ್ರಶ್ನೆ, ಹಿಂದಿನ ಸಾಲಿನಿಂದ, ಆಂಪ್ಲಿಫೈಯರಿನ ಯಜಮಾನರದು: ಅದನ್ನ ಧೂಳು ಒರೆಸಿ ಇವನು ಹಾಡು ಹಾಕ್ದಾಗಿಂದ ನನಗೂ ನನ್ನ ಹಳೇ ಸ್ಪೀಕರ್ ಕೇಳ್ಬೇಕು ಅನ್ನಿಸ್ತಿದೆ. ಇವನ ಪೆಟ್ಟಿಗೆ ಕಿತ್ತು ನನ್ನ ವೈರು ಹಾಕ್ಬಹುದಾ?

ಕೀಳುವುದೇ ಬೇಡ ಯಜಮಾನರೇ. ಹಿಂದೆ ನೋಡಿ, ಎ ಮತ್ತು ಬಿ ಎಂದು ಎರಡು ಜೊತೆ ಟರ್ಮಿನಲ್ ಇವೆ. ಎ ಕಡೆ ನಿಮ್ಮ ಸ್ಪೀಕರ್, ಬಿ ಕಡೆ ಅವನ ಪೆಟ್ಟಿಗೆ. ಮುಂದೆ ಸ್ವಿಚ್ ಇದೆ, ಒಂದು ಸಲಕ್ಕೆ ಒಂದನ್ನೇ ಒತ್ತಿ. ಬದಲಿಸುವ ಮುಂಚೆ ವಾಲ್ಯೂಮ್ ಪೂರ್ತಿ ಕೆಳಗಿಳಿಸಿ, ನೀವು ಕೇಳುವ ಮಟ್ಟದಲ್ಲಿ ಅವನ ಕಿವಿ ತಡೆಯುವುದಿಲ್ಲ.